ನಳದುರ್ಗ: ಬೋರಿ ನದಿಯ ದಂಡೆಯ ಕೋಟೆ ಮತ್ತು ಗಡಿನಾಡಿನ ಇತಿಹಾಸಪಾಠ

(ಮೇಲಿನ ಪ್ರಾಥಮಿಕ ತರಗತಿಗಳ ಶಿಕ್ಷಕರಿಗೆ: ಪರಿಸರ ಅಭ್ಯಾಸ, ಇತಿಹಾಸ, ಭೂಗೋಲ, ಭಾಷೆ)

ಪ್ರಸ್ತಾವನೆ

ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ಕೋಟೆ ಎಂದೊಡನೆ ಕಣ್ಣೆದುರಿಗೆ ನಿಲ್ಲುವವು ಬಹುಮಟ್ಟಿಗೆ ದೂರದ ಕೋಟೆಗಳು. ಪಠ್ಯಪುಸ್ತಕದಲ್ಲಿ ಓದುವ ರಾಯಗಡ, ಪ್ರತಾಪಗಡ, ಸಿಂಹಗಡಗಳು ಸಹ್ಯಾದ್ರಿಯ ಶಿಖರಗಳ ಮೇಲಿವೆ. ಕನ್ನಡದ ಕಥೆಗಳಲ್ಲಿ ಕೇಳುವ ಚಿತ್ರದುರ್ಗ, ಕಿತ್ತೂರುಗಳು ದಕ್ಷಿಣಕ್ಕೆ ಇನ್ನೂ ದೂರದಲ್ಲಿವೆ. ಎರಡನ್ನೂ ಮಕ್ಕಳು ಅರಿಯಬೇಕಾದುದು ನಿಜ. ಆದರೆ ಉಮರ್ಗಾ, ನಿಲಂಗಾ, ಉದಗೀರ, ತುಳಜಾಪುರ ತಾಲೂಕುಗಳ ಮಗುವು ದಿನವೂ ಕಾಣುವ ನೆಲವು ಈ ಎರಡರ ನಡುವೆ ಬರಿದಾಗಿ ಉಳಿದುಬಿಡುತ್ತದೆ. ತನ್ನ ಭಾಷೆಯ ಇತಿಹಾಸ ಒಂದು ಕಡೆ, ತನ್ನ ರಾಜ್ಯದ ಇತಿಹಾಸ ಇನ್ನೊಂದು ಕಡೆ, ತಾನಿರುವ ಊರಿಗೆ ಮಾತ್ರ ಇತಿಹಾಸವೇ ಇಲ್ಲ ಎಂಬ ಭಾವನೆ ಅದರ ಮನಸ್ಸಿನಲ್ಲಿ ಬೇರೂರುವ ಸಂಭವವಿದೆ.

ಈ ಭಾವನೆಯನ್ನು ದೂರಮಾಡಲು ನಳದುರ್ಗದಂತಹ ಸಾಧನ ಇನ್ನೊಂದಿಲ್ಲ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 45 ಕಿ.ಮೀ. ದೂರದಲ್ಲಿ, ಧಾರಾಶಿವ ಜಿಲ್ಲೆಯ ತುಳಜಾಪುರ ತಾಲೂಕಿನಲ್ಲಿ ಬೋರಿ ನದಿಯ ದಂಡೆಯ ಮೇಲೆ ಈ ಊರೂ ಅದರ ಕೋಟೆಯೂ ಇವೆ. ಅಲ್ಲಿಂದ ಅದೇ ಹಾದಿಯಲ್ಲಿ ಎಂಟು ಕಿ.ಮೀ. ಪೂರ್ವಕ್ಕೆ ಜಳಕೋಟ, ಇನ್ನೂ ಮುಂದೆ ಉಮರ್ಗಾ. (ಲಾತೂರು ಜಿಲ್ಲೆಯಲ್ಲಿ ಉದಗೀರದ ಬಳಿ ಇರುವ ಜಳಕೋಟ ತಾಲೂಕು ಬೇರೆ. ಒಂದೇ ಹೆಸರಿನ ಈ ಎರಡು ಸ್ಥಳಗಳನ್ನು ನಕಾಶೆಯಲ್ಲಿ ಬೇರೆಬೇರೆಯಾಗಿ ಗುರುತಿಸಲು ಮಕ್ಕಳಿಗೆ ಹೇಳಬೇಕು.) ಕಲ್ಯಾಣ, ಕಲಬುರಗಿ, ಬೀದರ, ವಿಜಯಪುರ, ಅಹಮದನಗರ, ಹೈದರಾಬಾದ ಈ ಎಲ್ಲ ರಾಜಧಾನಿಗಳ ಕಥೆ ಈ ಒಂದು ಕೋಟೆಯಲ್ಲಿ ಒಂದಾಗಿ ಬಂದು ಸೇರುತ್ತದೆ. ಗಡಿಯನ್ನು ಕಾಯಲೆಂದು ಕಟ್ಟಿದ ಈ ಕೋಟೆಯು ಗಡಿಯ ಎರಡೂ ಬದಿಯ ಜನರನ್ನು ಕೂಡಿಸಿದ ಸಂಗತಿಗಳಿಗೂ ಸಾಕ್ಷಿಯಾಗಿದೆ. ಈ ಪಾಠದ ಆಶಯವೂ ಇದೇ.

ನೆಲ ಮತ್ತು ನೀರು

ಕೋಟೆಯ ಪಾಠವನ್ನು ರಾಜರ ಹೆಸರುಗಳಿಂದ ಆರಂಭಿಸುವುದಕ್ಕಿಂತ ನದಿಯಿಂದ ಆರಂಭಿಸುವುದು ಲೇಸು. ಬೋರಿಯು ಬಾಲಾಘಾಟದ ಎತ್ತರದ ನೆಲದಲ್ಲಿ ಹುಟ್ಟಿ ದಕ್ಷಿಣಾಭಿಮುಖವಾಗಿ ಹರಿಯುವ ಚಿಕ್ಕ ನದಿ. ನಳದುರ್ಗವನ್ನು ದಾಟಿ ಅಕ್ಕಲಕೋಟದ ಕಡೆಗೆ ಸಾಗಿ ಅದು ಭೀಮಾ ನದಿಯನ್ನು ಕೂಡುತ್ತದೆ. ಭೀಮೆಯು ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರಿನ ಸಮೀಪ ಕೃಷ್ಣೆಯಲ್ಲಿ ಲೀನವಾಗುತ್ತದೆ. ನಳದುರ್ಗದ ಕೋಟೆಗೋಡೆಯ ಕೆಳಗೆ ಹರಿದ ನೀರು ಕನ್ನಡದ ಹೊಲಗಳನ್ನು ಮುಟ್ಟಿ ಆನಂತರ ಸಮುದ್ರಕ್ಕೆ ಹೋಗುತ್ತದೆ ಎಂಬುದನ್ನು ಮಕ್ಕಳು ನಕಾಶೆಯ ಮೇಲೆ ಬೆರಳಿಟ್ಟು ತಾವೇ ಕಂಡುಕೊಳ್ಳಲಿ. ರಾಜ್ಯಗಳ ಗಡಿಗೆರೆಯು ನದಿಯ ಹಾದಿಯನ್ನು ತಡೆಯುವುದಿಲ್ಲ ಎಂಬ ಅರಿವು ಉಪದೇಶವಿಲ್ಲದೆಯೇ ಅವರಿಗೆ ದೊರೆಯುತ್ತದೆ.

ಈ ಪ್ರದೇಶವೆಲ್ಲ ಜ್ವಾಲಾಮುಖಿಯ ಶಿಲಾರಸ ಹೆಪ್ಪುಗಟ್ಟಿ ಆದ ಕಪ್ಪುಕಲ್ಲಿನ, ಎಂದರೆ ಬಸಾಲ್ಟಿನ ನೆಲ. ಮಳೆ ಕಡಿಮೆ, ಬಂದ ಮಳೆಯೂ ಕೆಲವೇ ವಾರಗಳಲ್ಲಿ ಸುರಿದು ಹರಿದುಹೋಗುತ್ತದೆ. ಗಟ್ಟಿಯಾದ ಕಲ್ಲಿನಲ್ಲಿ ನೀರು ಇಂಗುವುದೂ ಅಲ್ಪ. ಇಂತಹ ನೆಲದಲ್ಲಿ ಕೋಟೆ ಕಟ್ಟುವವನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಶತ್ರುವನ್ನು ಹೊರಗಿಡುವುದು ಹೇಗೆ? ಮುತ್ತಿಗೆಯ ಕಾಲದಲ್ಲಿ ಒಳಗಿನವರಿಗೆ ನೀರು ದೊರಕಿಸುವುದು ಹೇಗೆ? ನಳದುರ್ಗದ ರಚನೆಯೆಲ್ಲವೂ ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವಾಗಿದೆ.

ಕೋಟೆಯ ರಚನೆ

ಸುತ್ತಲಿನ ಬಯಲುನೆಲದಿಂದ ಒಂದು ಬಸಾಲ್ಟಿನ ದಿನ್ನೆಯು ಬೋರಿಯ ಕಣಿವೆಯೊಳಕ್ಕೆ ಮೂಗಿನಂತೆ ಚಾಚಿಕೊಂಡಿದೆ. ಅದರ ಮೇಲ್ಭಾಗ ಹೆಚ್ಚುಕಡಿಮೆ ಸಮತಟ್ಟು. ಎರಡು ಬದಿಗಳಲ್ಲಿ ಕೆಳಗೆ ನದಿ ಹರಿಯುತ್ತದೆ. ಬದಿಗಳು ನೇರವಾಗಿ ಕಡಿದಂತಹ ಬಂಡೆಗಳು. ಅವುಗಳ ಎತ್ತರ 50 ಅಡಿಯಿಂದ 200 ಅಡಿಯವರೆಗೆ ಎಂದು 19ನೆಯ ಶತಮಾನದ ವರ್ಣನೆಯೊಂದು ಹೇಳುತ್ತದೆ. ಕೆಲವೆಡೆ ಬಂಡೆಯು ಕಂಬಗಳನ್ನು ಒಂದರ ಪಕ್ಕದಲ್ಲೊಂದು ನಿಲ್ಲಿಸಿದಂತೆ ಸೀಳಿಕೊಂಡಿದೆ. ಶಿಲಾರಸವು ತಣ್ಣಗಾಗಿ ಕುಗ್ಗುವಾಗ ಬಸಾಲ್ಟು ಹೀಗೆ ಬಹುಮುಖದ ಕಂಬಗಳಾಗಿ ಒಡೆಯುತ್ತದೆ. ವಿಜ್ಞಾನದ ಪಾಠಕ್ಕೆ ಇದು ಕೈಗೆಟುಕುವ ಉದಾಹರಣೆ.

ಮೂರು ಬದಿಗಳನ್ನು ಬಂಡೆಯೂ ನದಿಯೂ ಕಾಯುತ್ತವೆ. ದಿನ್ನೆಯು ಬಯಲಿಗೆ ಕೂಡಿಕೊಳ್ಳುವ ಪಶ್ಚಿಮದ ಕುತ್ತಿಗೆಯೊಂದೇ ಅಪಾಯದ ಸ್ಥಳ. ಆದುದರಿಂದ ಕಟ್ಟಿದವರು ತಮ್ಮ ಬಲವನ್ನೆಲ್ಲ ಅಲ್ಲಿ ಇರಿಸಿದರು. ಎತ್ತರದ ಗೋಡೆ, ದಪ್ಪನಾದ ಬುರುಜುಗಳು, ಅದರ ಮುಂದೆ ಇನ್ನೊಂದು ತಗ್ಗಾದ ಗೋಡೆ, ಅದರಾಚೆಗೆ ಬಹುಪಾಲು ಬಂಡೆಯನ್ನೇ ಕೊರೆದು ಮಾಡಿದ ಅಗಲವಾದ ಒಣ ಕಂದಕ. ಊರು ಈ ಕಂದಕದ ಆಚೆಗಿದೆ. ಕೋಟೆಯಲ್ಲಿ 114 ಬುರುಜುಗಳನ್ನು ಎಣಿಸುವ ವಾಡಿಕೆಯುಂಟು. ಅವುಗಳಲ್ಲಿ ಹೂವಿನ ಎಸಳುಗಳಂತೆ ಒಂಬತ್ತು ಉಬ್ಬುಗಳುಳ್ಳ ನವಬುರುಜು ನೋಡುವವರ ಗಮನವನ್ನು ಸೆಳೆಯುತ್ತದೆ. ಒಳಗೆ ಪ್ರತ್ಯೇಕವಾಗಿ ಎದ್ದುನಿಂತಿರುವ ಉಪಳಿ ಬುರುಜು 90 ಅಡಿಗಳಿಗೂ ಎತ್ತರವಾದುದೆಂದು ಅದೇ ವರ್ಣನೆ ತಿಳಿಸುತ್ತದೆ. ಸುತ್ತಣ ಬಯಲಿನಲ್ಲಿ ಬರುವ ಸೈನ್ಯವನ್ನು ದೂರದಿಂದಲೇ ಕಾಣುವುದಕ್ಕೂ ದೊಡ್ಡ ತೋಪುಗಳನ್ನು ಸುತ್ತಲೂ ತಿರುಗಿಸಿ ಹಾರಿಸುವುದಕ್ಕೂ ಅದನ್ನು ಕಟ್ಟಿದರು.

ಇಲ್ಲಿ ಶಿಕ್ಷಕರು ಒಂದು ವಿಚಾರವನ್ನು ಎತ್ತಿಹೇಳಬೇಕು. ಸಹ್ಯಾದ್ರಿಯ ಗಿರಿದುರ್ಗಕ್ಕೆ ಎತ್ತರವೇ ರಕ್ಷೆ. ಬಯಲುಸೀಮೆಯ ಕೋಟೆಗೆ ಅಂತಹ ಶಿಖರವಿಲ್ಲ. ಆದುದರಿಂದ ಅದು ಕಂದಕವನ್ನೂ ಇಮ್ಮಡಿ ಗೋಡೆಯನ್ನೂ ಬುರುಜನ್ನೂ ಅವಲಂಬಿಸುತ್ತದೆ. ಬೀದರ, ಕಲಬುರಗಿ, ಉದಗೀರ, ಔಸಾ, ಪರಂಡಾ, ಸೊಲ್ಲಾಪುರದ ಕೋಟೆಗಳು ಈ ಎರಡನೆಯ ವರ್ಗಕ್ಕೆ ಸೇರಿದವು. ನಳದುರ್ಗವು ಬಯಲಿನ ಕೋಟೆಯ ಕಂದಕವನ್ನೂ ಕಣಿವೆಯ ಬಂಡೆಯ ರಕ್ಷೆಯನ್ನೂ ಒಟ್ಟಿಗೆ ಪಡೆದಿದೆ.

ಜಲಮಹಲು

ನಳದುರ್ಗದ ಕೀರ್ತಿಗೆ ಮುಖ್ಯ ಕಾರಣ ಅಲ್ಲಿಯ ಅಣೆಕಟ್ಟು. ಕೋಟೆಯ ದಿನ್ನೆಗೂ ಎದುರು ದಂಡೆಯ ರಣಮಂಡಳ ಎಂಬ ಚಿಕ್ಕ ಕೋಟೆಗೂ ನಡುವೆ ಬೋರಿ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯನ್ನು ಕಟ್ಟಲಾಗಿದೆ. ಒಂದೇ ಕಟ್ಟಡದಿಂದ ಮೂರು ಕಾರ್ಯಗಳು ನೆರವೇರಿದವು. ಮೇಲ್ಭಾಗದಲ್ಲಿ ನೀರು ನಿಂತು ಕೋಟೆಯವರಿಗೆ ಬೇಸಿಗೆಯಲ್ಲಿಯೂ ಆಧಾರವಾಯಿತು. ನಿಂತ ನೀರು ಕೋಟೆಗೆ ಮತ್ತೊಂದು ಕಂದಕವಾಯಿತು. ಕಟ್ಟೆಯ ನೆತ್ತಿಯು ಎರಡು ಕೋಟೆಗಳ ನಡುವಣ ದಾರಿಯಾಯಿತು.

ಇಷ್ಟರಿಂದಲೇ ತೃಪ್ತನಾಗದ ಶಿಲ್ಪಿಯು ಕಟ್ಟೆಯ ಒಡಲಿನಲ್ಲಿಯೇ ಮಹಲೊಂದನ್ನು ನಿರ್ಮಿಸಿದನು. ಮರಾಠಿಯಲ್ಲಿ ಅದನ್ನು ಪಾಣಿಮಹಲ ಎನ್ನುತ್ತಾರೆ. ಕನ್ನಡದಲ್ಲಿ ಜಲಮಹಲು ಅಥವಾ ನೀರಮಹಲು ಎನ್ನಬಹುದು. ಮೆಟ್ಟಿಲುಗಳಿಂದ ಕೆಳಗಿಳಿದರೆ ಕಮಾನಿನ ಕಿಟಕಿಗಳುಳ್ಳ ಕೋಣೆ ಸಿಗುತ್ತದೆ. ಕಿಟಕಿಗಳು ನದಿಯು ಹರಿದುಹೋಗುವ ಕೆಳಭಾಗಕ್ಕೆ ಮುಖಮಾಡಿವೆ. ಮಳೆಗಾಲದಲ್ಲಿ ಕಟ್ಟೆ ತುಂಬಿದಾಗ ಹೆಚ್ಚಾದ ನೀರು ಎರಡು ಹಾದಿಗಳಿಂದ ಕೆಳಗೆ ಧುಮುಕುತ್ತದೆ. ಈ ಎರಡು ಧಾರೆಗಳಿಗೆ ಜನರು ನರ, ಮಾದಿ ಎಂದು ಹೆಸರಿಟ್ಟಿದ್ದಾರೆ. ಎಂದರೆ ಗಂಡು, ಹೆಣ್ಣು. ಒಳಗೆ ನಿಂತವನ ಕಣ್ಣೆದುರಿಗೆ ಜಲಪಾತ ಸುರಿಯುತ್ತಿರುತ್ತದೆ, ಅವನು ಮಾತ್ರ ನೆನೆಯುವುದಿಲ್ಲ.

ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ಎರಡು ಭಾಗಗಳಿವೆ. ಮೊದಲನೆಯದಾಗಿ, ಕಟ್ಟೆಯ ಅಂಚಿಗೆ ಬರುವ ನೀರು ಮುಂದಕ್ಕೆ ಹರಿಯುವ ವೇಗವನ್ನು ಪಡೆದಿರುತ್ತದೆ. ಅಂಚನ್ನು ಬಿಟ್ಟ ಕೂಡಲೇ ಅದು ಗೋಡೆಗೆ ಅಂಟಿಕೊಂಡು ಇಳಿಯದೆ ಬಿಲ್ಲಿನಂತೆ ಬಾಗಿ ಮುಂದೆ ಬೀಳುತ್ತದೆ. ನೀರಿಗೂ ಗೋಡೆಗೂ ನಡುವೆ ತೆರಪು ಉಳಿಯುತ್ತದೆ. ತಂಬಿಗೆಯಿಂದ ನೀರನ್ನು ಮೆಲ್ಲಗೆ ಸುರಿದಾಗ ಅದು ತಂಬಿಗೆಯ ಹೊರಮೈಗೆ ಅಂಟಿ ಇಳಿಯುವುದನ್ನೂ ರಭಸದಿಂದ ಸುರಿದಾಗ ದೂರಕ್ಕೆ ಬೀಳುವುದನ್ನೂ ತರಗತಿಯ ಹೊರಗೆ ಮಾಡಿ ತೋರಿಸಬಹುದು. ಎರಡನೆಯದಾಗಿ, ಇಂತಹ ಕಲ್ಲಿನ ಕಟ್ಟೆಯು ತನ್ನ ಭಾರದಿಂದಲೇ ನೀರನ್ನು ತಡೆದು ನಿಲ್ಲುತ್ತದೆ. ನೀರಿನ ಒತ್ತಡ ಆಳ ಹೆಚ್ಚಿದಂತೆ ಹೆಚ್ಚುವುದರಿಂದ ಕಟ್ಟೆಯು ಬುಡದಲ್ಲಿ ದಪ್ಪವಾಗಿರಬೇಕಾಗುತ್ತದೆ. ಆ ದಪ್ಪದ ನಡುವೆ ಒಂದು ಕೋಣೆಯನ್ನು ಬಿಟ್ಟರೂ ಕಟ್ಟೆ ಬಲಹೀನವಾಗದಂತೆ ಅಳೆದು ಕಟ್ಟಿದ ಜಾಣ್ಮೆಯೇ ಜಲಮಹಲು. ನಾಲ್ಕು ಶತಮಾನಗಳ ಪ್ರವಾಹಗಳನ್ನು ಸಹಿಸಿ ಅದು ಇಂದಿಗೂ ನಿಂತಿದೆ.

ನೀರನ್ನು ಅವಶ್ಯಕತೆಗೂ ಆನಂದಕ್ಕೂ ಒಟ್ಟಿಗೆ ಬಳಸುವ ರೂಢಿಯು ವಿಜಯಪುರದ ಆದಿಲ್‌ಶಾಹಿ ಅರಸರಲ್ಲಿ ಇನ್ನೂ ಹಲವು ಕಡೆ ಕಂಡುಬರುತ್ತದೆ. ವಿಜಯಪುರದ ಸಮೀಪದ ಕುಮಟಗಿಯಲ್ಲಿ ಕೆರೆಯ ನೀರನ್ನು ಕೊಳವೆಗಳ ಮೂಲಕ ತಂದು ಕಾರಂಜಿಯಾಗಿ ಚಿಮ್ಮಿಸುತ್ತಿದ್ದ ವಿಹಾರಮಂಟಪಗಳಿವೆ. ನಳದುರ್ಗದ ಮಕ್ಕಳು ಕುಮಟಗಿಯನ್ನೂ, ಕುಮಟಗಿಯ ಮಕ್ಕಳು ನಳದುರ್ಗವನ್ನೂ ತಮ್ಮದೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಆಳ್ವಿಕೆಗಳ ಕ್ರಮ

ಹದಿನಾಲ್ಕನೆಯ ಶತಮಾನಕ್ಕೆ ಮುಂಚೆ ಇಲ್ಲಿ ಸ್ಥಳೀಯ ಅರಸನೊಬ್ಬನ ಆಳ್ವಿಕೆಯಿತ್ತೆಂದೂ ಅವನು ಕಲ್ಯಾಣದ ಚಾಲುಕ್ಯರ ಸಾಮಂತನಾಗಿದ್ದಿರಬಹುದೆಂದೂ ಹೇಳಿಕೆಯಿದೆ. ಕಲ್ಯಾಣ ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯಲ್ಲಿ ರಾಜ್ಯವನ್ನು ಸ್ಥಾಪಿಸಿದ ಮೇಲೆ ಪಶ್ಚಿಮದ ಸೀಮೆಯನ್ನು ಕಾಯಲು ಕೋಟೆಗಳ ಸಾಲನ್ನು ಬಲಪಡಿಸಿದರು. ಮಣ್ಣಿನ ಗೋಡೆಗಳಿದ್ದ ನಳದುರ್ಗಕ್ಕೆ ಕಲ್ಲಿನ ಗೋಡೆಗಳು ಬಂದುದು ಅವರ ಕಾಲದಲ್ಲಿ ಎಂದು ನಂಬಲಾಗಿದೆ.

ಹದಿನೈದನೆಯ ಶತಮಾನದ ಕೊನೆಗೆ ಬಹಮನಿ ರಾಜ್ಯ ಒಡೆದಾಗ ನಳದುರ್ಗ ವಿಜಯಪುರದ ಆದಿಲ್‌ಶಾಹಿಗೆ ಸೇರಿತು. ಅಹಮದನಗರದ ನಿಜಾಮಶಾಹಿಯ ಗಡಿ ಇಲ್ಲಿಗೆ ಸಮೀಪವಾಗಿತ್ತು. ಸೊಲ್ಲಾಪುರ, ನಳದುರ್ಗ, ಪರಂಡಾ, ಕಲ್ಯಾಣಗಳಿಗಾಗಿ ಎರಡು ರಾಜ್ಯಗಳೂ ಪೀಳಿಗೆಗಳ ಕಾಲ ಕಾದಾಡಿದವು. 1558ರಲ್ಲಿ ಪಟ್ಟವೇರಿದ ಒಂದನೆಯ ಅಲಿ ಆದಿಲ್‌ಶಾಹನು ಕೋಟೆಯನ್ನು ವಿಸ್ತರಿಸಿದನು. ಆ ಕಾಲದ ಬರಹಗಳಲ್ಲಿ ಕೋಟೆಗೆ ಶಾಹದುರ್ಗ ಎಂಬ ಹೆಸರೂ ಇದೆ. ಅವನ ಮರಣಾನಂತರ, 1580ರ ದಶಕದ ಮೊದಲಲ್ಲಿ, ಬಾಲಕ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ ಆಡಳಿತ ನಡೆಯುತ್ತಿದ್ದಾಗ ಅಹಮದನಗರ ಮತ್ತು ಗೋಲ್ಕೊಂಡದ ಸೈನ್ಯಗಳು ಕೂಡಿ ಕೋಟೆಗೆ ಮುತ್ತಿಗೆ ಹಾಕಿದವು. ಕೋಟೆ ಅವರ ವಶವಾಗಲಿಲ್ಲ.

ಅದೇ ಬಾಲಕನು ಬೆಳೆದು 1627ರವರೆಗೆ ಆಳಿದನು. ಸಂಗೀತಪ್ರಿಯನಾದ ಅವನು ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವನ್ನು ರಚಿಸಿದನು. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಜಲಮಹಲಿನ ಕಲ್ಪನೆ ಇಂತಹ ಅರಸನ ಕಾಲದ್ದೆಂಬುದು ಆಶ್ಚರ್ಯವಲ್ಲ.

1686ರಲ್ಲಿ ವಿಜಯಪುರವು ಔರಂಗಜೇಬನ ವಶವಾದಾಗ ನಳದುರ್ಗವೂ ಮೊಗಲರದಾಯಿತು. ಮುಂದಿನ ಶತಮಾನದಲ್ಲಿ ಅದು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತು. 1853ರ ಒಪ್ಪಂದದಂತೆ ನಿಜಾಮರು ವರ್ಹಾಡ ಹಾಗೂ ರಾಯಚೂರು ದೋಆಬ್‌ಗಳೊಡನೆ ನಳದುರ್ಗ ಪ್ರಾಂತವನ್ನೂ ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದರು. 1860ರಲ್ಲಿ ರಾಯಚೂರು ದೋಆಬ್ ಮತ್ತು ನಳದುರ್ಗ ಪ್ರಾಂತಗಳು ನಿಜಾಮರಿಗೆ ಮರಳಿದವು. ರಾಯಚೂರಿನ ಮತ್ತು ನಳದುರ್ಗದ ಭಾಗ್ಯ ಆಗಲೂ ಒಂದೇ ಕಾಗದದಲ್ಲಿ ಬರೆಯಲ್ಪಟ್ಟಿತ್ತು.

ಐತಿಹ್ಯ, ಶಾಸನ, ಬರಹ

ನಳದುರ್ಗದ ಪಾಠದಿಂದ ಮಕ್ಕಳು ಕಲಿಯಬಹುದಾದ ಬೆಲೆಯುಳ್ಳ ವಿದ್ಯೆಯೊಂದಿದೆ. ಕೇಳಿದ ಸಂಗತಿ ಯಾವ ಬಗೆಯ ಆಧಾರದಿಂದ ಬಂದಿದೆ ಎಂದು ವಿಚಾರಿಸುವುದೇ ಅದು.

ಊರಿನ ಹೆಸರಿಗೆ ಜನರು ನಳದಮಯಂತಿಯ ಕಥೆಯನ್ನು ಜೋಡಿಸುತ್ತಾರೆ. ನಳರಾಜನು ಕಟ್ಟಿಸಿದುದರಿಂದ ನಳದುರ್ಗ ಎಂಬುದು ಐತಿಹ್ಯ. ನಳನ ಕಥೆ ಮಹಾಭಾರತದ್ದು. ಕನ್ನಡದಲ್ಲಿ ಕನಕದಾಸರು ‘ನಳಚರಿತ್ರೆ’ಯನ್ನು ರಚಿಸಿದ್ದಾರೆ. ಕೋಟೆಯ ಕಲ್ಲುಗಳು ಅಷ್ಟು ಹಳೆಯವಲ್ಲ. ಆದರೂ ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕುವ ಅಗತ್ಯವಿಲ್ಲ. ಒಂದು ಊರಿನ ಜನರು ತಮ್ಮ ನೆಲವನ್ನು ಯಾವ ಕಥೆಯೊಂದಿಗೆ ಕೂಡಿಸಿಕೊಂಡರು ಎಂಬುದನ್ನು ಅದು ತಿಳಿಸುತ್ತದೆ.

ಎರಡನೆಯದು ಬರಹ. ಈ ಪಾಠದಲ್ಲಿ ಬಳಸಿದ 19ನೆಯ ಶತಮಾನದ ವರ್ಣನೆ ಫಿಲಿಪ್ ಮೆಡೋಸ್ ಟೇಲರನದು. ಸುರಪುರ ಸಂಸ್ಥಾನದಲ್ಲಿ ಹಲವು ವರ್ಷ ಅಧಿಕಾರಿಯಾಗಿದ್ದ ಅವನು 1853ರಲ್ಲಿ ನಳದುರ್ಗಕ್ಕೆ ಬಂದು ಕೋಟೆಯೊಳಗೆ ವಾಸಿಸಿದನು. ಸುರಪುರದ ಗುಡ್ಡದ ಮೇಲಿನ ಅವನ ನಿವಾಸವನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಕೋಟೆಯ ವಿವರವಾದ ಚಿತ್ರವಿದೆ. ತಾನೇ ಕಂಡ ಗೋಡೆ, ಬಂಡೆ, ಕಂದಕಗಳ ವಿಷಯದಲ್ಲಿ ಅವನ ಮಾತು ಪ್ರತ್ಯಕ್ಷ ಸಾಕ್ಷ್ಯ. ತನಗಿಂತ ಮುನ್ನೂರು ವರ್ಷ ಹಿಂದಿನ ಸಂಗತಿಗಳ ವಿಷಯದಲ್ಲಿ ಅದು ಕೇಳಿದ ಮತ್ತು ಓದಿದ ಮಾತು.

ಮೂರನೆಯದು ಶಾಸನ. ಅಣೆಕಟ್ಟನ್ನು ಅಲಿ ಆದಿಲ್‌ಶಾಹನು ಕಟ್ಟಿಸಿದನೆಂದು ಟೇಲರ್ ಬರೆದಿದ್ದಾನೆ. ಜಲಮಹಲಿನಲ್ಲಿರುವ ಪಾರಸಿ ಶಾಸನವಾದರೋ ಎರಡನೆಯ ಇಬ್ರಾಹಿಮ್ ಆದಿಲ್‌ಶಾಹನ ಕಾಲವನ್ನು, 1613ನೆಯ ಇಸವಿಯನ್ನು, ಸೂಚಿಸುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ತೂಕ? ಕಟ್ಟಡದ ಮೇಲೆ ಕಟ್ಟಿದ ಕಾಲದಲ್ಲಿಯೇ ಕೆತ್ತಿದ ಅಕ್ಷರಕ್ಕೆ ಶತಮಾನಗಳ ಅನಂತರದ ಪುಸ್ತಕಕ್ಕಿಂತ ಹೆಚ್ಚಿನ ತೂಕವಿದೆ ಎಂಬ ನಿಯಮವನ್ನು ಮಕ್ಕಳು ಈ ಉದಾಹರಣೆಯಿಂದ ಸುಲಭವಾಗಿ ಗ್ರಹಿಸುತ್ತಾರೆ. ಶಿಕ್ಷಕರು ಉತ್ತರವನ್ನು ಮೊದಲೇ ಹೇಳದೆ ಎರಡು ಹೇಳಿಕೆಗಳನ್ನು ಫಲಕದ ಮೇಲೆ ಬರೆದು ಚರ್ಚೆಗೆ ಬಿಡುವುದು ಉಚಿತ.

ಮೈಲಾರನ ಎರಡು ಹೆಸರು

ನಳದುರ್ಗದಲ್ಲಿ ಮೈಲಾರಪುರ ಎಂಬ ಸ್ಥಳವಿದೆ. ಮಹಾರಾಷ್ಟ್ರದ ಖಂಡೋಬಾ ಕ್ಷೇತ್ರಗಳಲ್ಲಿ ಅದು ಪ್ರಮುಖವಾದುದು. ದೇವರ ಮೂರ್ತಿಯು ವರ್ಷದ ಹೆಚ್ಚಿನ ಕಾಲ ಸಮೀಪದ ಅಣದೂರಿನಲ್ಲಿಯೂ ಉಳಿದ ಕಾಲ ನಳದುರ್ಗದಲ್ಲಿಯೂ ಇರುತ್ತದೆ. ಎರಡು ಊರುಗಳು ಒಬ್ಬ ದೇವರನ್ನು ಒಪ್ಪಂದದಿಂದ ಹಂಚಿಕೊಂಡಿರುವುದು ಇಲ್ಲಿಯ ವಿಶೇಷ. ಪುಷ್ಯ ಹುಣ್ಣಿಮೆಗೆ ನಳದುರ್ಗದಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ.

ಮರಾಠಿಯ ಖಂಡೋಬಾ ಕನ್ನಡದ ಮೈಲಾರ, ಮೈಲಾರಲಿಂಗ, ಮಲ್ಲಯ್ಯ. ಬೀದರ ಜಿಲ್ಲೆಯ ಖಾನಾಪುರದ ಮೈಲಾರ, ವಿಜಯನಗರ ಜಿಲ್ಲೆಯ ಮೈಲಾರ, ಹಾವೇರಿ ಜಿಲ್ಲೆಯ ದೇವರಗುಡ್ಡ ಇವೆಲ್ಲ ಇದೇ ದೈವದ ಕ್ಷೇತ್ರಗಳು. ಜೇಜುರಿಯಲ್ಲಿ ಭಂಡಾರ ಎರಚುವ ಮರಾಠಿ ಭಕ್ತರ ಬಾಯಲ್ಲಿ ‘ಯಳಕೋಟ’ ಎಂಬ ಘೋಷವಿದೆ. ಅದು ಕನ್ನಡದ ‘ಏಳುಕೋಟಿ’. ತಲೆಮಾರುಗಳಿಂದ ಮರಾಠಿ ಮನೆಗಳಲ್ಲಿ ಕನ್ನಡದ ಒಂದು ಸಂಖ್ಯಾಪದವು ದೇವರ ಹೆಸರಿನೊಂದಿಗೆ ಉಳಿದು ಬಂದಿದೆ. ತರಗತಿಯಲ್ಲಿ ಈ ಒಂದು ಪದವನ್ನು ವಿವರಿಸಿದರೆ ಸಾಕು, ಕನ್ನಡ ಇಲ್ಲಿಗೆ ಹೊರಗಿನಿಂದ ಬಂದ ಭಾಷೆ ಎಂಬ ತಪ್ಪು ತಿಳಿವಳಿಕೆ ತಾನಾಗಿ ಕರಗುತ್ತದೆ. ಹಾಗೆಯೇ ಮರಾಠಿಯು ಪರಭಾಷೆ ಎಂಬ ಭಾವನೆಯೂ ಕರಗಬೇಕು.

1948ರ ಸೆಪ್ಟೆಂಬರ್

ಕೋಟೆಯ ಕೊನೆಯ ಯುದ್ಧವು ಅಜ್ಜ-ಅಜ್ಜಿಯರ ನೆನಪಿನ ಕಾಲದ್ದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸೊಲ್ಲಾಪುರದ ಕಡೆಯಿಂದ ಹೈದರಾಬಾದ ಸಂಸ್ಥಾನವನ್ನು ಪ್ರವೇಶಿಸಿತು. ಮೊದಲ ಪ್ರತಿರೋಧ ಎದುರಾದುದು ನಳದುರ್ಗದಲ್ಲಿ. ಬೋರಿ ನದಿಯ ಸೇತುವೆಯನ್ನು ಎದುರಾಳಿಗಳು ಒಡೆಯುವ ಮೊದಲೇ ಸೈನ್ಯವು ವಶಪಡಿಸಿಕೊಂಡಿತು. ಬೆಳಗಿನ ಒಂಬತ್ತು ಗಂಟೆಗೆ ಕವಚವಾಹನಗಳ ದಳ ಜಳಕೋಟವನ್ನು ತಲುಪಿತು. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಉಮರ್ಗಾ ಮುಟ್ಟಿತು. ಐದು ದಿನಗಳಲ್ಲಿ ಸಂಸ್ಥಾನದ ಪ್ರತಿರೋಧ ಮುಗಿಯಿತು. ಬೋರಿಯನ್ನು ದಾಟುವ ಹಾದಿ ಯಾರ ಕೈಯಲ್ಲಿದೆ ಎಂಬ ಹಳೆಯ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದಲ್ಲಿಯೂ ನಿರ್ಣಾಯಕವಾಯಿತು.

ಸೆಪ್ಟೆಂಬರ್ 17ನ್ನು ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನವೆಂದೂ ಕರ್ನಾಟಕದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದೂ ಆಚರಿಸುತ್ತಾರೆ. ಹೆಸರು ಎರಡು, ದಿನ ಒಂದೇ. 1956ರ ನವೆಂಬರ್ 1ರಂದು ಹೈದರಾಬಾದ ರಾಜ್ಯವನ್ನು ಭಾಷೆಯ ಆಧಾರದಿಂದ ವಿಂಗಡಿಸಿದಾಗ ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. ಬೀದರ, ಕಲಬುರಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರು ಜಿಲ್ಲೆ ಅಸ್ತಿತ್ವಕ್ಕೆ ಬಂದವು. ಕನ್ನಡ ಮನೆಗಳು ಇದ್ದಲ್ಲಿಯೇ ಇದ್ದವು. ಗಡಿಯು ಅವುಗಳ ಸುತ್ತ ಸರಿಯಿತು.

ಈ ಭಾಗವನ್ನು ಬೋಧಿಸುವಾಗ ಎಚ್ಚರ ಬೇಕು. ಸೈನಿಕ ಕಾರ್ಯಾಚರಣೆಯ ಮೊದಲು ರಜಾಕಾರರ ಹಿಂಸೆಯಿಂದ ಅನೇಕ ಹಳ್ಳಿಗಳು ನೊಂದವು. ಅದರ ಅನಂತರ ಉಸ್ಮಾನಾಬಾದ, ಬೀದರ, ಗುಲಬರ್ಗಾ ಜಿಲ್ಲೆಗಳಲ್ಲಿ ನಡೆದ ಪ್ರತೀಕಾರದಲ್ಲಿ ನಿರಪರಾಧಿ ಮುಸ್ಲಿಂ ಕುಟುಂಬಗಳು ನೊಂದವು. ಎರಡೂ ಬಗೆಯ ಮನೆಗಳ ಮಕ್ಕಳು ಇಂದು ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಘಟನೆಯನ್ನು ಮರೆಮಾಡದೆ, ಯಾವ ಸಮುದಾಯದ ಮೇಲೂ ದೋಷವನ್ನು ಹೊರಿಸದೆ ಹೇಳುವುದು ಶಿಕ್ಷಕರ ಧರ್ಮ.

ಕೋಟೆಯ ಶಬ್ದಸಂಪತ್ತು

ಭಾಷಾಪಾಠಕ್ಕೂ ಕೋಟೆಯಲ್ಲಿ ಸಾಕಷ್ಟು ಸಾಮಗ್ರಿಯಿದೆ. ಕೆಳಗಿನ ಶಬ್ದಗಳನ್ನು ಗುಂಪು ಮಾಡಿಸಬಹುದು.

ಕನ್ನಡದವು: ಕೋಟೆ, ಕೊತ್ತಲ, ಹುಡೆ, ಅಗಳು, ಕಟ್ಟೆ, ಅಣೆ, ಕಿಂಡಿ.
ಸಂಸ್ಕೃತದಿಂದ ಬಂದವು: ದುರ್ಗ, ಜಲ, ದ್ವಾರ.
ಅರಬ್ಬಿ, ಪಾರಸಿಗಳಿಂದ ಬಂದವು: ಕಿಲ್ಲೆ, ಬುರುಜು, ಕಂದಕ, ಮಹಲು, ಕಮಾನು, ದರವಾಜೆ.

ಹುಡೆ ಮತ್ತು ಬುರುಜು, ಅಗಳು ಮತ್ತು ಕಂದಕ, ದ್ವಾರ ಮತ್ತು ದರವಾಜೆ ಎಂಬ ಜೋಡಿಗಳಲ್ಲಿ ಇಂದು ಮಾತಿನಲ್ಲಿ ಯಾವುದು ಉಳಿದಿದೆ, ಯಾವುದು ಪುಸ್ತಕಕ್ಕೆ ಸೀಮಿತವಾಗಿದೆ ಎಂಬುದನ್ನು ಮಕ್ಕಳೇ ಮನೆಯಲ್ಲಿ ಕೇಳಿ ತಿಳಿಯಲಿ. ಜಳಕೋಟ ಎಂಬ ಹೆಸರಿನಲ್ಲಿಯೂ ನೀರು ಮತ್ತು ಕೋಟೆ ಎಂಬ ಎರಡು ಅರ್ಥಗಳು ಕೇಳಿಸುತ್ತವೆ. ಕಿಲ್ಲೆ, ಬುರುಜು, ಮಹಲು, ದರವಾಜೆ ಮರಾಠಿಯಲ್ಲಿಯೂ ಅಲ್ಪ ವ್ಯತ್ಯಾಸದಿಂದ ಬಳಕೆಯಲ್ಲಿವೆ. ಎರಡು ಭಾಷೆಗಳನ್ನು ಬಲ್ಲ ಮಗುವಿಗೆ ಇದು ಹೊರೆಯಲ್ಲ, ಅನುಕೂಲ.

ಉಪಕ್ರಮಗಳು

1. ನದಿಯ ನಕಾಶೆ: ಬೋರಿ, ಭೀಮಾ, ಕೃಷ್ಣಾ ನದಿಗಳ ಹಾದಿಯನ್ನು ಬರೆದು ದಂಡೆಯ ಮೇಲಿನ ಹಾಗೂ ಸಮೀಪದ ಊರುಗಳನ್ನು ಗುರುತಿಸುವುದು. ರಾಜ್ಯದ ಗಡಿಯನ್ನು ಕೊನೆಯಲ್ಲಿ ಬೇರೆ ಬಣ್ಣದಿಂದ ಎಳೆಯುವುದು.

2. ಅಳತೆ: ಕೋಟೆಯ ಸುತ್ತಳತೆ ಸುಮಾರು ಒಂದೂವರೆ ಮೈಲಿ ಎಂದು ಟೇಲರನ ಅಂದಾಜು. ಅದನ್ನೂ 50, 90, 200 ಅಡಿಗಳನ್ನೂ ಕಿಲೋಮೀಟರು ಮತ್ತು ಮೀಟರುಗಳಿಗೆ ಪರಿವರ್ತಿಸುವುದು. ಶಾಲೆಯ ಕಟ್ಟಡದ ಎತ್ತರದೊಡನೆ ಹೋಲಿಸುವುದು.

3. ಮಾದರಿ: ಮಣ್ಣು ಮತ್ತು ಕಲ್ಲುಗಳಿಂದ ಚಿಕ್ಕ ಕಟ್ಟೆಯನ್ನು ಕಟ್ಟಿ ಬುಡವನ್ನು ಒಮ್ಮೆ ತೆಳುವಾಗಿಯೂ ಒಮ್ಮೆ ದಪ್ಪವಾಗಿಯೂ ಮಾಡಿ ನೀರು ನಿಲ್ಲಿಸಿ ನೋಡುವುದು.

4. ಹಿರಿಯರ ಭೇಟಿ: ಊರಿನ ಹಳೆಯ ಗೋಡೆ, ಬಾವಿ, ಅಗಸೆಬಾಗಿಲುಗಳ ವಿಷಯ ಹಿರಿಯರಿಂದ ಕೇಳಿ ಬರೆದುಕೊಳ್ಳುವುದು. ಹೇಳಿದವರು ತಾವೇ ಕಂಡುದೋ ಕೇಳಿದುದೋ ಎಂಬುದನ್ನು ತಪ್ಪದೆ ಸೇರಿಸುವುದು.

5. ಕ್ಷೇತ್ರಭೇಟಿ: ಜಲಪಾತವನ್ನು ಕಾಣಲು ಮಳೆಗಾಲವೇ ಬೇಕು, ಆದರೆ ಆಗ ಕಟ್ಟೆಯೂ ಮೆಟ್ಟಿಲುಗಳೂ ಜಾರುತ್ತವೆ. ಚಿಕ್ಕ ಮಕ್ಕಳನ್ನು ಚಳಿಗಾಲದಲ್ಲಿ ಕರೆದೊಯ್ಯುವುದು ಕ್ಷೇಮ. ಬುರುಜುಗಳ ಅಂಚಿಗೆ ಯಾರೂ ಹೋಗದಂತೆ ಸಣ್ಣ ಗುಂಪುಗಳನ್ನು ಮಾಡಿ ಪ್ರತಿ ಗುಂಪಿಗೆ ಒಬ್ಬ ಶಿಕ್ಷಕರಿರಬೇಕು. ಕೋಟೆಯು ಸಂರಕ್ಷಿತ ಸ್ಮಾರಕ. ಗೋಡೆಯ ಮೇಲೆ ಹೆಸರು ಗೀಚುವುದು ಅಪರಾಧವಷ್ಟೇ ಅಲ್ಲ, ಓದಬೇಕಾದ ಪುಸ್ತಕದ ಪುಟವನ್ನು ಕೆಡಿಸಿದಂತೆ ಎಂದು ಮೊದಲೇ ತಿಳಿಹೇಳಬೇಕು.

ಸ್ವಾಧ್ಯಾಯ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ನಳದುರ್ಗದ ಕೋಟೆಗೆ ಪಶ್ಚಿಮದಲ್ಲಿ ಮಾತ್ರ ಕಂದಕ ಏಕೆ ಬೇಕಾಯಿತು?
2. ಅಣೆಕಟ್ಟಿನಿಂದ ಕೋಟೆಗಾದ ಮೂರು ಪ್ರಯೋಜನಗಳು ಯಾವುವು?
3. ‘ಯಳಕೋಟ’ ಎಂಬ ಘೋಷದ ಮೂಲಪದ ಯಾವುದು?

ಆ) ಕಾರಣ ಕೊಡಿರಿ.
1. ಜಲಮಹಲಿನ ಕೋಣೆಯಲ್ಲಿ ನಿಂತವರು ನೆನೆಯುವುದಿಲ್ಲ.
2. ಅಣೆಕಟ್ಟಿನ ಕಾಲವನ್ನು ನಿರ್ಣಯಿಸಲು ಶಾಸನಕ್ಕೆ ಹೆಚ್ಚು ತೂಕ ಕೊಡಬೇಕು.
3. ಸೆಪ್ಟೆಂಬರ್ 17 ಎರಡು ರಾಜ್ಯಗಳಿಗೂ ಮಹತ್ವದ ದಿನ.

ಇ) ವಿಚಾರ ಮಾಡಿರಿ.
ನಿಮ್ಮ ಊರಿನಲ್ಲಿ ಎರಡು ಭಾಷೆಗಳಲ್ಲಿ ಎರಡು ಹೆಸರಿರುವ ಒಂದು ಸ್ಥಳ, ಹಬ್ಬ ಅಥವಾ ದೈವವನ್ನು ಆರಿಸಿಕೊಂಡು ಹತ್ತು ವಾಕ್ಯಗಳನ್ನು ಬರೆಯಿರಿ.

ಶಿಕ್ಷಕರಿಗೆ ಸೂಚನೆ: ಕೊನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಮಗುವು ಮರಾಠಿ ಪದಗಳನ್ನು ಬಳಸಿದರೆ ಅಂಕಗಳನ್ನು ಕಡಿಮೆ ಮಾಡದೆ ಕನ್ನಡದ ಸಮಾನಪದವನ್ನು ಪಕ್ಕದಲ್ಲಿ ಬರೆಯಿಸಬೇಕು. ಉತ್ತಮ ಬರಹಗಳನ್ನು ಶಾಲೆಯ ಭಿತ್ತಿಪತ್ರಿಕೆಯಲ್ಲಿ ಹಚ್ಚಿದರೆ ವರ್ಷದ ಕೊನೆಗೆ ಊರಿನ ಚಿಕ್ಕ ಇತಿಹಾಸವೊಂದು ಮಕ್ಕಳ ಕೈಬರಹದಲ್ಲಿಯೇ ಸಿದ್ಧವಾಗುತ್ತದೆ.